ಗೇರಣ್ಣ

ಚನ್ನಗಿರಿ ಕಡೆ ಅಡಿಕೆ ರೇಟು ಏರಿದರೆ ಜನ ಹೊಸ ಕಾರು ತರುತ್ತಾರೆ. ಗೇರಣ್ಣ ಮಾತ್ರ ಹಳೇದು ತಂದ. 2000ದಲ್ಲಿ ಮಾರುಕಟ್ಟೆಗೆ ಬಂದಿದ್ದ ಹೋಂಡಾ ಸಿಟಿ ವಿಟೆಕ್. ಒಂದೂವರೆ ಲೀಟರ್ ಎಂಜಿನ್, 106 ಅಶ್ವಶಕ್ತಿ. ಆಧಾರ್ ಕಾರ್ಡಿನಲ್ಲಿ ಅವನ ಹೆಸರು ಬೇರೆ ಇದೆ, ಯಾರಿಗೂ ನೆನಪಿಲ್ಲ. ಇಂಥವನೊಬ್ಬ ಹೊನ್ನಾಳಿಯಲ್ಲೂ ಇದ್ದಾನೆ, ನ್ಯಾಮತಿಯಲ್ಲೂ ಇದ್ದಾನೆ. ಜಗಳೂರಿನವನು ಮಳೆ ಚೆನ್ನಾಗಿ ಬಂದ ವರ್ಷ ಮಾತ್ರ ಪೆಟ್ರೋಲ್ ಹಾಕಿಸಿ ಹೊರಬೀಳುತ್ತಾನೆ.

ಗುರುತು ಹಿಡಿಯುವುದು ಸುಲಭ. ನಿಂತ ಕಾರಿನಲ್ಲಿ ಕಣ್ಣು ಮುಚ್ಚಿಕೊಂಡು ಗೇರ್ ಲಿವರ್ ಅಲ್ಲಾಡಿಸುತ್ತ ಕೂತಿರುತ್ತಾನೆ. ಹತ್ತಿರ ಹೋದಿರೋ, ಮುಗಿಯಿತು.

"ಬಾ ಮಾವ, ಕೈ ಇಡು. ಆಡೋದು ಗೊತ್ತಾಗ್ತತಾ?"

ಗೊತ್ತಾಗ್ತತಿ ಎಂದುಬಿಡಿ. ಇಲ್ಲ ಎಂದರೆ ಸೂಳೆಕೆರೆ ಏರಿಯವರೆಗೆ ಕರೆದುಕೊಂಡು ಹೋಗಿ ತೋರಿಸುತ್ತಾನೆ.

ಅವನ ದೂರು ಸುಳ್ಳೇನಲ್ಲ. ಆ ಕಾರಿನಲ್ಲಿ ಎರಡರಿಂದ ಮೂರಕ್ಕೆ ಹಾಕುವುದೆಂದರೆ ಮಂಡಕ್ಕಿ ಚೀಲಕ್ಕೆ ಕೈ ಹಾಕಿ ಶೇಂಗಾ ಹುಡುಕಿದಂತೆ. ಟ್ರ್ಯಾಕ್ಟರ್ ಹಿಂದಿಕ್ಕಲು ಮೂರು ಎಂದು ತಳ್ಳಿದ್ದು ಐದಕ್ಕೆ ಬೀಳುತ್ತದೆ, ಟ್ರ್ಯಾಕ್ಟರಿನವನೇ ಪಾಪ ಎಂದು ನಿಧಾನ ಮಾಡುತ್ತಾನೆ. ಲಿವರಿನ ಬುಡದಿಂದ ಗೇರ್‌ಬಾಕ್ಸಿಗೆ ಎರಡು ರಾಡು ಹೋಗುತ್ತವೆ. ಅವುಗಳ ತುದಿಯಲ್ಲಿ ರಬ್ಬರ್ ಬುಷ್ಷು, ಲಿವರಿನ ಗುಂಡಿಗೆ ಪ್ಲಾಸ್ಟಿಕ್ ಬಟ್ಟಲು. ಕೆಳಗೆ ಇಷ್ಟೇ ಇಷ್ಟು ಸವೆದರೂ ಸಾಕು, ಲಿವರ್ ಉದ್ದ ಇರುವುದರಿಂದ ಮೇಲಿನ ಗುಂಡು ಎರಡು ಬೆರಳು ಆಡುತ್ತದೆ.

ಹೊನ್ನಾಳಿಯ ಮೇಸ್ತ್ರಿ ಇದನ್ನು ಮೊದಲ ದಿನವೇ ಹೇಳಿದ್ದ. ಎಂಜಿನ್ ಮೌಂಟ್ ನೋಡಿದ, ಕ್ಲಚ್ ಪೂರ್ತಿ ಬಿಡುತ್ತದೆಯೇ ಎಂದು ನೋಡಿದ, ಆಮೇಲೆ ಕಾರಿನ ಕೆಳಗೆ ನುಸುಳಿ ಬಂದು, "ಇಪ್ಪತ್ತು ವರ್ಷದ ರಬ್ಬರ್ರು, ಇನ್ನೇನ್ ಮಾಡ್ತತಿ ಪಾಪ. ಹೊಸಾದು ಹಾಕಿದ್ರೆ ಆತು" ಎಂದ. ಇಷ್ಟು ಸುಲಭದಲ್ಲಿ ಮುಗಿಯುವ ಕೆಲಸಕ್ಕೆ ಗೇರಣ್ಣ ಯಾಕೆ ಒಪ್ಪುತ್ತಾನೆ? ಜಗಳೂರಿನ ಗೆಳೆಯ ಫೋನಿನಲ್ಲಿ ಲಿವರನ್ನೇ ಗಿಡ್ಡ ಮಾಡಿಸು ಎಂದ. ಆಗ ಕೈ ಓಡಾಡುವ ದೂರ ಕಡಿಮೆಯಾಗುತ್ತದೆ, ತಳ್ಳುವ ಜೋರು ಹೆಚ್ಚಾಗುತ್ತದೆ, ಸವೆದ ಬುಷ್ಷು ಸವೆದಂತೆಯೇ ಇರುತ್ತದೆ. ಪುಣ್ಯಕ್ಕೆ ಅದು ಮಾತಿನಲ್ಲೇ ಉಳಿಯಿತು. 1997ರಲ್ಲಿ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ, ಚಿತ್ರದುರ್ಗದಿಂದ ಜಗಳೂರು ಬಿಚ್ಚಿ ದಾವಣಗೆರೆ ಜಿಲ್ಲೆ ಜೋಡಿಸಿದರಲ್ಲ, ಆಗಲೂ ಇಷ್ಟು ಚರ್ಚೆ ಆಗಿರಲಿಕ್ಕಿಲ್ಲ.

ಕೊನೆಗೆ ನ್ಯಾಮತಿಯ ಲೇತಿನವನಲ್ಲಿ ಹಿತ್ತಾಳೆ ಬುಷ್ಷು ಮಾಡಿಸುವುದೆಂದು ತೀರ್ಮಾನವಾಯಿತು. ಆತ ಹಳೇ ರಬ್ಬರನ್ನು ಎರಡು ಬೆರಳಲ್ಲಿ ಹಿಚುಕಿ, ಇದರಿಂದ ಅಳತೆ ಸಿಗಲ್ಲ ಎಂದು ಪಕ್ಕಕ್ಕೆಸೆದು, ಪಿನ್ನಿಗೇ ಕ್ಯಾಲಿಪರ್ ಹಚ್ಚಿದ. ಹಿತ್ತಾಳೆ ಪುಡಿ ಉದುರತೊಡಗಿತು. ಗೇರಣ್ಣ ಬಗ್ಗಿ ನಿಂತು, "ಅರ್ಧ ಕೂದಲೆಳೆ ಗ್ಯಾಪ್ ಬಿಡು, ಹೆಚ್ಚಿಗೆ ಬ್ಯಾಡ" ಎಂದ.

"ಅಣ್ಣಾ, ನಮ್ಮ ಲೇತೇ ಒಂದು ಕೂದಲೆಳೆ ಆಡ್ತತಿ."

ಬುಷ್ಷು ಕೂತಿತು. ಲಿವರ್ ಟಕ್ ಟಕ್ ಎಂದು ಬೀಳತೊಡಗಿದ್ದು ನಿಜ. ಆದರೆ ರಬ್ಬರ್ ಇದ್ದದ್ದು ಸುಮ್ಮನೆ ಅಲ್ಲವಲ್ಲ. ಅದು ತಡೆಯುತ್ತಿದ್ದ ನಡುಕವೆಲ್ಲ ಈಗ ನೇರ ಒಳಗೆ ಬಂತು. ಗೇರ್‌ಬಾಕ್ಸ್ ಗುಂಯ್‌ಗುಡುತ್ತದೆ, ಡ್ಯಾಶ್‌ಬೋರ್ಡಿನ ಮೇಲಿನ ಗಣಪತಿ ಕುಣಿಯುತ್ತಾನೆ.

"ಕೇಳ್ರಿ, ಗಾಡಿ ಮಾತಾಡ್ತತಿ!" ಎಂದ ಗೇರಣ್ಣ ಖುಷಿಯಾಗಿ.

"ಮಾತಾಡ್ಲಿ ಬಿಡ್ರಿ," ಹಿಂದಿನ ಸೀಟಿನಿಂದ ಹೆಂಡತಿ, "ಮನ್ಯಾಗ ನೀವು ಮಾತಾಡಿ ಯಾವ ಕಾಲಾತು."

ಮರುದಿನ ಅವರಪ್ಪ ಅಡಿಕೆ ಸೊಸೈಟಿ ತುಮ್‌ಕೋಸಿಗೆ ಸ್ಯಾಂಪಲ್ ಕೊಟ್ಟು ಬರಲು ಆ ಕಾರನ್ನೇ ಒಯ್ದರು. ಗೇರಣ್ಣ ಗೇಟಿನಲ್ಲೇ ಕಾಯುತ್ತ ನಿಂತಿದ್ದ.

"ಅಪ್ಪಾ, ಗೇರು ಹೆಂಗ್ ಬೀಳ್ತತಿ?"

"ಯಾವ ಗೇರಲೇ? ಎರಡ್ರಾಗ ಹೋದೆ, ಎರಡ್ರಾಗ ಬಂದೆ. ಅದೇನೋ ಭಾಳ ಒದರ್ತತಿ, ಎಣ್ಣೆ ಬಿಡ್ಸು."