ವರ್ಷಕ್ಕೊಂದು ದಿನ ಮಡಿ

ಆಸ್ಪತ್ರೆ ಕಸ ಸುಡುವ ಕುಲುಮೆಗಳಷ್ಟು ಆಚಾರವಂತರು ಈ ದೇಶದಲ್ಲಿ ಇನ್ಯಾರೂ ಇಲ್ಲ. ವರ್ಷಕ್ಕೊಂದು ದಿನ ಅವು ಮಡಿ ಉಡುತ್ತವೆ. ಅಂದು ಡಯಾಕ್ಸಿನ್ ಅಳೆಯುವವರು ಬರುತ್ತಾರೆ. ಬರುವ ತಾರೀಖು ಕುಲುಮೆಗೆ ಮೊದಲೇ ಗೊತ್ತು. ಕರೆಸುವವರೂ, ಕಾಸು ಕೊಡುವವರೂ ಕುಲುಮೆಯ ಯಜಮಾನರೇ ತಾನೆ.

ಇದು ಕಳ್ಳಾಟವಲ್ಲ ಸ್ವಾಮಿ, ಕಾನೂನು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಹೊಗೆಯನ್ನು ಘಟಕದವರೇ ಮಾನ್ಯತೆ ಇರುವ ಪ್ರಯೋಗಾಲಯದಿಂದ ಪರೀಕ್ಷೆ ಮಾಡಿಸಬೇಕು. ಉಳಿದ ಮಾಲಿನ್ಯಗಳಿಗೆ ಮೂರು ತಿಂಗಳಿಗೊಮ್ಮೆ. ಎಲ್ಲಕ್ಕಿಂತ ಘೋರವಾದ ಡಯಾಕ್ಸಿನ್, ಫ್ಯೂರಾನ್‌ಗಳಿಗೆ ವರ್ಷಕ್ಕೊಮ್ಮೆ. ವಿಷ ಹೆಚ್ಚಾದಷ್ಟೂ ಮರ್ಯಾದೆ ಹೆಚ್ಚು. ಅದೂ ಕುಲುಮೆ ಸರಿಯಾದ ಹದದಲ್ಲಿ ಉರಿಯುತ್ತಿರುವಾಗ ಎಂದು ನಿಯಮವೇ ಹೇಳುತ್ತದೆ. ಹದ ತಪ್ಪಿದ ದಿನ ಅಳೆದು ಯಾರಿಗೂ ಮುಜುಗರ ಮಾಡಬಾರದಲ್ಲ!

ಮಿತಿಯ ವಿಷಯದಲ್ಲಿ ಮಾತ್ರ ನಾವು ಯಾರಿಗೂ ಕಡಿಮೆಯಿಲ್ಲ. ಒಂದು ಘನ ಮೀಟರ್ ಹೊಗೆಗೆ 0.1 ನ್ಯಾನೋಗ್ರಾಂ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲೊಂದು ಪಾಲನ್ನು ಮತ್ತೆ ಹತ್ತು ಮಾಡಿ ಒಂದನ್ನು ಎತ್ತಿಕೊಳ್ಳಿ, ಅಷ್ಟು. ಯುರೋಪಿನ ಅಂಕಿಯೂ ಇದೇ.

ಅಳೆಯುವ ಕೆಲಸವೇನು ಸಸಾರವಲ್ಲ. ಸಲಕರಣೆ ಹೊತ್ತು ಏಣಿ ಹತ್ತಬೇಕು. ಚಿಮಣಿಯ ಕಿಂಡಿಗೆ ಉದ್ದನೆಯ ಕೊಳವೆ ತೂರಿಸಿ, ಒಳಗೆ ಹೊಗೆ ಎಷ್ಟು ವೇಗದಲ್ಲಿ ಏರುತ್ತಿದೆಯೋ ಅಷ್ಟೇ ವೇಗದಲ್ಲಿ ಹೀರಬೇಕು. ವೇಗ ತಪ್ಪಿದರೆ ದೂಳಿನ ಲೆಕ್ಕ ತಪ್ಪಿತು, ದೂಳಿಗೆ ಅಂಟಿಕೊಂಡ ಡಯಾಕ್ಸಿನ್ ಲೆಕ್ಕವೂ ತಪ್ಪಿತು. ದೂಳು ಸೋಸುಪೊರೆಯಲ್ಲಿ ನಿಲ್ಲುತ್ತದೆ, ಆವಿ ರಾಳದ ಮಣಿಗಳಲ್ಲಿ ಸಿಕ್ಕಿಬೀಳುತ್ತದೆ. ಆರೆಂಟು ಗಂಟೆ ಹೀಗೆ. ಆಮೇಲೆ ಪ್ರಯೋಗಾಲಯದಲ್ಲಿ, ಕೋಟಿಗಟ್ಟಲೆ ಬೆಲೆಯ ಯಂತ್ರದ ಮುಂದೆ, ಈ ಕುಲದ 210 ಸದಸ್ಯರ ನಡುವಿನಿಂದ ವಿಷಕಾರಿಯಾದ 17 ಮಂದಿಯನ್ನು ಹೆಕ್ಕಿ ಒಬ್ಬೊಬ್ಬರ ವಿಷಕ್ಕೂ ತೂಕ ಕಟ್ಟಬೇಕು. ಈ ತಪಸ್ಸು ಮಾಡುವವರ ಬಗ್ಗೆ ನನಗೆ ನಿಜವಾಗಿಯೂ ಗೌರವವಿದೆ. ಅವರ ಅಂಕಿಯಲ್ಲಿ ಸುಳ್ಳಿಲ್ಲ. ಸುಳ್ಳಿರುವುದು ಆ ದಿನದಲ್ಲಿ.

ಯಾಕೆಂದರೆ ಅಂದು ಬರ್ನರಿಗೆ ಡೀಸೆಲ್ ಧಾರಾಳ. ಎರಡನೇ ಕೋಣೆ 1,050 ಡಿಗ್ರಿಗೆ ಕಾದು ಕೆಂಪಗೆ ಕೂತಿರುತ್ತದೆ. ಡಯಾಕ್ಸಿನ್‌ಗೆ ಮೇವಾಗುವ ಪಿವಿಸಿ ಚೂರು ಹುಡುಕಿದರೂ ಸಿಗದು. ಕಸ ಅಳತೆಗೆ ತಕ್ಕಂತೆ, ಸಾವಕಾಶವಾಗಿ ಒಳಗೆ ಹೋಗುತ್ತದೆ. ಮುಖ್ಯವಾಗಿ, ಕುಲುಮೆ ಹೊತ್ತಿ ಹದಕ್ಕೆ ಬಂದಮೇಲೆಯೇ ಹೊಗೆ ಹೀರುವ ಪಂಪು ಶುರು. ಅದು ಆರುವ ಮೊದಲೇ ಪಂಪು ಬಂದ್.

ಡಯಾಕ್ಸಿನ್‌ಗೆ ಈ ಶಿಷ್ಟಾಚಾರ ತಿಳಿಯದು. ಚೆನ್ನಾಗಿ ಉರಿಯುವ ಬೆಂಕಿಯಲ್ಲಿ ಅದು ಸಾಯುತ್ತದೆ, ನಿಜ. ಆದರೆ ಹೊಗೆ ತಣಿಯುತ್ತ 450ರಿಂದ 200 ಡಿಗ್ರಿಯ ನಡುವೆ ನಿಧಾನಿಸಿದರೆ ಸಾಕು, ಹಾರುಬೂದಿಯ ಮೇಲೆ ಮತ್ತೆ ಹುಟ್ಟಿಕೊಳ್ಳುತ್ತದೆ. ಅರೆಬರೆ ಉರಿ, ಒದ್ದೆ ಕಸ, ಬೆಳಿಗ್ಗೆ ಹೊತ್ತಿಸುವ, ಸಂಜೆ ಆರಿಸುವ ಹೊತ್ತು ಅದಕ್ಕೆ ಹಬ್ಬ. ವರ್ಷಕ್ಕಿರುವುದು 8,760 ಗಂಟೆ. ಎಂಟು ಗಂಟೆಯ ಚೊಕ್ಕತನ ನೋಡಿ ಇಡೀ ವರ್ಷಕ್ಕೆ ಸರ್ಟಿಫಿಕೇಟು ಕೊಡುವ ಉದಾರತೆಯನ್ನು ನಮ್ಮ ಆರ್‌ಟಿಓ ಕಚೇರಿಗಳೂ ಕಲಿಯಬೇಕು.

ಬೆಲ್ಜಿಯಂನವರಿಗೆ ಈ ಉದಾರತೆ ಇಲ್ಲ. ಅಲ್ಲಿನ ಡಿ ಫ್ರೆ ಮತ್ತು ವೆವರ್ಸ್ ಎಂಬಿಬ್ಬರು ಕಸ ಸುಡುವ ಘಟಕವೊಂದರ ಚಿಮಣಿಗೆ ಎರಡು ವಾರ ಬಿಡದೆ ಸ್ಯಾಂಪ್ಲರ್ ಹಾಕಿ ಕೂತರು. ಆರು ಗಂಟೆಯ ಪರೀಕ್ಷೆ ತೋರಿಸಿದ್ದಕ್ಕಿಂತ 30ರಿಂದ 50 ಪಟ್ಟು ಹೆಚ್ಚು ಡಯಾಕ್ಸಿನ್ ಸಿಕ್ಕಿತು. ಅವರ ವರದಿ ಬಂದದ್ದು 1998ರಲ್ಲಿ. ನಮ್ಮ ‘ವರ್ಷಕ್ಕೊಮ್ಮೆ’ ಬರೆದದ್ದು ಅದಾದ ಹದಿನೆಂಟು ವರ್ಷಕ್ಕೆ. ಓದಲು ಪುರುಸೊತ್ತಾಗಿರಲಿಕ್ಕಿಲ್ಲ.

ನೆದರ್ಲೆಂಡ್ಸ್‌ನ ಹಾರ್ಲಿಂಗನ್‌ನಲ್ಲಿ ತನಿಖಾಧಿಕಾರಿಗಳು ಇನ್ನೂ ಅಗ್ಗಕ್ಕೆ ಸಿಕ್ಕಿದರು: ಹಿತ್ತಲ ಕೋಳಿಗಳು. ಅಲ್ಲಿ ಕಸ ಸುಡುವ ಹೊಸ ಘಟಕ ಶುರುವಾದದ್ದು 2011ರಲ್ಲಿ. ಒಂದೆರಡು ವರ್ಷ ಕಳೆದು ಸುತ್ತಲಿನ ಮೊಟ್ಟೆ ಪರೀಕ್ಷಿಸಿದರೆ ಡಯಾಕ್ಸಿನ್ ಐರೋಪ್ಯ ಮಿತಿ ದಾಟಿತ್ತು. ಕೋಳಿ ಮುಂಚಿತವಾಗಿ ನೋಟಿಸು ಕೊಡುವುದಿಲ್ಲ, ಯಜಮಾನರಿಂದ ಶುಲ್ಕ ಪಡೆಯುವುದಿಲ್ಲ, ಊಟಕ್ಕೂ ಉಳಿಯುವುದಿಲ್ಲ. ದಿನವಿಡೀ ಮಣ್ಣು ಕೆದರುತ್ತದೆ, ಮಣ್ಣಿಗೆ ಬಿದ್ದದ್ದನ್ನು ತಿನ್ನುತ್ತದೆ, ಕೊಬ್ಬಿನಲ್ಲಿ ಕೂಡಿಟ್ಟು ಮೊಟ್ಟೆಯೊಳಗೆ ವರದಿ ಸಲ್ಲಿಸುತ್ತದೆ. ಆ ಚಿಮಣಿಗೆ ಆಮೇಲೆ ದೀರ್ಘಾವಧಿ ಸ್ಯಾಂಪ್ಲರ್ ಹಾಕಿದಾಗ ಹೊತ್ತಿಸುವ, ಆರಿಸುವ ಹೊತ್ತಿನ ಕಥೆಯೂ ಹೊರಬಿತ್ತು.

ಡಯಾಕ್ಸಿನ್‌ನಂಥ ವಿಷಗಳಿಗೆ ಕಡಿವಾಣ ಹಾಕುವ ಸ್ಟಾಕ್‌ಹೋಮ್ ಒಪ್ಪಂದವನ್ನು ಭಾರತ 2006ರಲ್ಲೇ ಅನುಮೋದಿಸಿದೆ. ಆ ಮಾತು ಎಷ್ಟು ನಡೆದಿದೆ ಎಂದು ತಿಳಿಯಬೇಕೆ? ನಿಮ್ಮ ತಾಲ್ಲೂಕಿನಲ್ಲಿ ಆಸ್ಪತ್ರೆ ಕಸ ಸುಡುವ ಘಟಕವಿದ್ದರೆ ಮಾಹಿತಿ ಹಕ್ಕಿನಲ್ಲೊಂದು ಅರ್ಜಿ ಹಾಕಿ ಡಯಾಕ್ಸಿನ್ ವರದಿ ತರಿಸಿಕೊಳ್ಳಿ. 0.1ಕ್ಕಿಂತ ಕಡಿಮೆ ಅಂತಲೇ ಇರುತ್ತದೆ, ಅದನ್ನು ಬಿಡಿ. ಸ್ಯಾಂಪಲ್ ತೆಗೆದದ್ದು ಎಷ್ಟು ಗಂಟೆ, ಕುಲುಮೆ ಹೊತ್ತಿಸಿ ಎಷ್ಟು ಹೊತ್ತಾಗಿತ್ತು, ಅಂದು ಸುಟ್ಟ ಕಸ ಎಷ್ಟು ಕಿಲೋ, ಹಿಂದಿನ ದಿನ ಎಷ್ಟು ಕಿಲೋ ಎಂದು ಬರೆದಿದೆಯೇ ನೋಡಿ. ಬರೆದಿಲ್ಲದಿದ್ದರೆ ಇನ್ನೊಂದು ಅರ್ಜಿ ಹಾಕಿ.