ಆರೂವರೆ ಸುತ್ತು

ಅಪ್ಪ-ಅಮ್ಮ ಮೂರು ದಿನದಿಂದ ಮಾತು ಬಿಟ್ಟಿದ್ದಾರೆ. ರೆಡಿಂಗ್‌ನ ನಮ್ಮ ಮನೆಯಲ್ಲಿ ಮಾತು ಬಿಟ್ಟು ಕೂರುವಷ್ಟು ಜಾಗವೂ ಇಲ್ಲ. ಹತ್ತು ವರ್ಷದ ನನ್ನ ಮಗನೇ ಅಡುಗೆಮನೆಗೂ ಹಾಲಿಗೂ ಓಡಾಡುವ ಅಂಚೆಯವನು.

"ಅಜ್ಜಿ, ತಾತ ಕಾಫಿ ಕೇಳ್ತಿದಾರೆ."

"ಏಳು ಲೋಟ ಆಗ್ಲೇ ಕುಡಿದಾಯ್ತು ಅನ್ನು. ಎಣಿಕೆ ಅವರಿಗೆ ಚೆನ್ನಾಗಿ ಬರುತ್ತಲ್ಲ!"

ಎಲ್ಲ ಸ್ಟೋನ್‌ಹೆಂಜ್ ತಂದ ಜಗಳ.

ಶನಿವಾರ ಬೆಳಿಗ್ಗೆ ಕಲ್ಲು, ಮಧ್ಯಾಹ್ನ ಡೆವನ್‌ನ ಕಡಲೂರುಗಳು, ರಾತ್ರಿ ಮನೆ ಎಂದು ನಮ್ಮವರು ಎಕ್ಸೆಲ್ಲಿನಲ್ಲಿ ಬರೆದಿದ್ದರು. ಅಪ್ಪ ಪಿಡಬ್ಲ್ಯುಡಿ ಇಂಜಿನಿಯರಾಗಿದ್ದವರು. ಗಂಗಾವತಿಯಲ್ಲಿ ಆರು ವರ್ಷ ಇದ್ದೂ ಹಿರೇಬೆಣಕಲ್ ಗುಡ್ಡ ಹತ್ತಿ ಅಲ್ಲಿನ ನೂರಾರು ಕಲ್ಗೋರಿಗಳನ್ನು ನೋಡದ ಮಹಾನುಭಾವರು, ಇಲ್ಲಿ ಪೌಂಡು ತೆತ್ತು ಹಗ್ಗದಾಚೆ ನಿಂತು, ಅಡ್ಡಗಲ್ಲು ಕೂರಿಸಲು ಬಡಗಿಯ ಹಾಗೆ ಗೂಟ-ಕುಳಿ ಕೊರೆದಿದ್ದಾರಲ್ಲ ಎಂದು ಗದ್ಗದರಾದರು. 1915ರಲ್ಲಿ ಸೆಸಿಲ್ ಚಬ್ ಎಂಬಾತ ಇದನ್ನು ಹರಾಜಿನಲ್ಲಿ 6,600 ಪೌಂಡಿಗೆ ಕೊಂಡ, ಕುರ್ಚಿ ತರಲು ಹೋಗಿದ್ದನಂತೆ ಎಂದು ನಮ್ಮವರು ಹೇಳಿದಾಗ ಅಮ್ಮ ಅಪ್ಪನ ಕಡೆ ನೋಡಿ, "ಈರುಳ್ಳಿಗೆ ಕಳಿಸಿದ್ರೆ ಇವರೂ ಹಾಗೇ" ಎಂದಳು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಕೆಡಿಸಿದ್ದು ಮಗ. ವರ್ಷದ ಅತಿ ದೀರ್ಘ ಹಗಲಿನಂದು ಸೂರ್ಯ ಹುಟ್ಟುವ ದಿಕ್ಕಿಗೆ ಸರಿಯಾಗಿ ಈ ಕಲ್ಲುಗಳನ್ನು ನಿಲ್ಲಿಸಿದ್ದಾರೆ ಎಂದು ಫಲಕ ಓದಿ ಹೇಳಿಬಿಟ್ಟ.

"ಹಾಗಾದ್ರೆ ಸೂರ್ಯ ದೇವಸ್ಥಾನ!" ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಸೂರ್ಯನಿಗೆ ಏಳು ಪ್ರದಕ್ಷಿಣೆ."

ನಮ್ಮ ಮನೆಯ ಮೆಟ್ಟಿಲು ದಿನಕ್ಕೆ ಒಂದೇ ಸಲ ಹತ್ತುವ ಅಮ್ಮ! ಮಂಡಿನೋವಿನ ಎಣ್ಣೆಗೇ ಒಂದು ಸೂಟ್‌ಕೇಸಿನ ಮೂಲೆ ಮೀಸಲಿಟ್ಟು ವಿಮಾನ ಹತ್ತಿದವಳು!

ಅಪ್ಪ ಮೆತ್ತಗೆ, "ಶಿವ ಅಂದ್ಕೊಳೇ. ಶಿವನಿಗಾದ್ರೆ ಅರ್ಧ ಪ್ರದಕ್ಷಿಣೆ ಸಾಕು" ಅಂದರು. ಶಾಸ್ತ್ರದ ಪ್ರಕಾರ ತಪ್ಪಿಲ್ಲ. ಆದರೆ ಅಮ್ಮ ಆಗಲೇ ಹೊರಟಿದ್ದಳು. ಸೀರೆ, ಅದರ ಮೇಲೆ ಅಳಿಯನ ರೇನ್‌ಕೋಟು, ಕಾಲಿಗೆ ನನ್ನ ಸ್ಪೋರ್ಟ್ಸ್ ಶೂ. ಎರಡನೇ ಸುತ್ತಿಗೆ ನಮ್ಮವರು ಎಕ್ಸೆಲ್ ಮುಚ್ಚಿದರು. ನಾಲ್ಕನೆಯದಕ್ಕೆ ಇಬ್ಬರು ಪ್ರವಾಸಿಗಳು, ಇದೇ ಇಲ್ಲಿಯ ಪದ್ಧತಿ ಇರಬೇಕೆಂದು, ಅಮ್ಮನ ಹಿಂದೆ ಬಿದ್ದರು. ಗಾಳಿಗೆ ಸೆರಗು ಬಾವುಟವಾಗಿತ್ತು. ಲೆಕ್ಕಕ್ಕೆಂದು ಕೂರಿಸಿದ್ದ ಅಪ್ಪ, ಇಂಜಿನಿಯರರ ಹಳೇ ಅಭ್ಯಾಸದಂತೆ, ಕೂತಲ್ಲೇ ಕಣ್ಣು ಮುಚ್ಚಿ ತಪಾಸಣೆ ನಡೆಸಿದ್ದರು.

ಏಳನೇ ಸುತ್ತಿನ ನಡುವೆ ಮಗನಿಗೆ ಅವಸರವಾಯಿತು. ಶೌಚಾಲಯ ಇರುವುದು ಎರಡು ಕಿಲೋಮೀಟರು ಆಚೆ, ಸಂದರ್ಶಕರ ಕೇಂದ್ರದಲ್ಲಿ, ಬಸ್ಸಿನಲ್ಲೇ ಹೋಗಬೇಕು. ಅಮ್ಮನನ್ನು ಎಳೆದುಕೊಂಡು ಓಡಿದೆವು.

ಎಚ್ಚೆತ್ತ ಅಪ್ಪ, "ಏಳಾಯ್ತು, ಎಣಿಸಿದೀನಿ" ಅಂದರು. "ಆರೂವರೆ" ಅಂದಳು ಅಮ್ಮ. ಎ303 ರಸ್ತೆಯುದ್ದಕ್ಕೂ ಇದೇ ವಾದ. ಬಿಯರ್ ಎಂಬ ಆ ಚಂದದ ಹಳ್ಳಿಗೆ ಮುಟ್ಟಿದಾಗ ಸಂಜೆ ಆರು. ಬಂದರಿಲ್ಲದ ಊರು, ದೋಣಿಗಳನ್ನು ಉರುಟುಗಲ್ಲಿನ ದಂಡೆಗೇ ಎಳೆದು ನಿಲ್ಲಿಸಿದ್ದರು. ಅಪ್ಪ ಮೈಸೂರಿನ ಚಿಕ್ಕಪ್ಪನಿಗೆ ವಿಡಿಯೋ ಕಾಲ್ ಮಾಡಿ, "ಎಲ್ಲಾರೂ ಬಿಯರಿಗೆ ಬಂದಿದೀವಿ ಕಣೋ, ನಿಮ್ಮತ್ತಿಗೇನೂ" ಎಂದು ಕೂಗಿದರು. ಅಲ್ಲಿಂದಾಚೆಗೆ ಮಾತಿಲ್ಲ.

ನಿನ್ನೆ ರಾತ್ರಿ ಎಣ್ಣೆ ಹಚ್ಚುವಾಗ, "ಅರ್ಧ ಸುತ್ತಿಗೆ ಏನಮ್ಮ ಇಷ್ಟು ಹಟ?" ಅಂದೆ. ಮೊದಲನೆಯದು ಮೊಮ್ಮಗನಿಗಂತೆ. ಆಮೇಲಿನವು ಅಳಿಯನ ಕೆಲಸಕ್ಕೆ, ನನಗೆ, ತಮ್ಮನ ಮದುವೆಗೆ, ನಮ್ಮ ಮನೆ ಸಾಲಕ್ಕೆ. ಆರನೆಯದು ಅಪ್ಪನ ಬೀಪಿಗೆ. ಏಳನೆಯದೊಂದನ್ನು ತನ್ನ ಮಂಡಿಗೆಂದು ಉಳಿಸಿಕೊಂಡಿದ್ದಳು.

ಇವತ್ತು ಬೆಳಿಗ್ಗೆ ಅಪ್ಪ ಯಾರಿಗೂ ಹೇಳದೆ ಅಳಿಯನ ಲ್ಯಾಪ್‌ಟಾಪಿನಲ್ಲಿ ಭಾನುವಾರಕ್ಕೆ ಐದು ಟಿಕೆಟ್ ಕಾದಿರಿಸಿದ್ದಾರೆ. ಅರ್ಧ ಸುತ್ತಿಗೆ ರಿಯಾಯಿತಿ ಇಲ್ಲವಂತೆ, ಪೂರ್ತಿ ದರ.