ಕಡಲಿಗೆ ಬೆನ್ನು

ಕಡಲು ಕಾಣುವ ಹೋಟೆಲಿನಲ್ಲಿ ನಾಲ್ಕು ಜನ ಒಂದು ಮೇಜಿಗೆ ಕೂತರೆ ಕಡಲು ಕಾಣುವುದು ಇಬ್ಬರಿಗೆ ಮಾತ್ರ. ಉಳಿದಿಬ್ಬರಿಗೆ ಕಾಣುವುದು ಆ ಇಬ್ಬರ ಮುಖ, ಅವರ ಹಿಂದೆ ಅಡುಗೆಮನೆಯ ಬಾಗಿಲು. ಬಿಲ್ಲು ಮಾತ್ರ ನಾಲ್ವರಿಗೂ ಸಮಾನ. ಈ ಸರಳ ಲೆಕ್ಕ ಯಾವ ಜಾಹೀರಾತಿನಲ್ಲೂ ಇರುವುದಿಲ್ಲ. ಜಾಹೀರಾತಿನ ಚಿತ್ರದಲ್ಲಿ ಯಾವಾಗಲೂ ಇಬ್ಬರೇ, ಅದೂ ಹೊಸದಾಗಿ ಮದುವೆಯಾದವರು. ಜೊತೆಗೆ ಅತ್ತೆ-ಮಾವ ಬಂದರೆ ಯಾರು ಎಲ್ಲಿ ಕೂರಬೇಕು ಎಂಬ ಬಗ್ಗೆ ಹೋಟೆಲಿನವರು ಜಾಣ ಮೌನ ವಹಿಸುತ್ತಾರೆ.

ಮ್ಯೂನಿಕ್‌ನಲ್ಲಿ ಕೆಲಸದಲ್ಲಿರುವ ಮಗ ನಮ್ಮಿಬ್ಬರನ್ನು ಇಟಲಿಯ ಚಿಂಕ್ವೆ ತೆರ್ರೆಗೆ ಕರೆದೊಯ್ದಿದ್ದ. ಲಿಗೂರಿಯಾ ಕರಾವಳಿಯ ಕಡಿದಾದ ಬಂಡೆಗಳಿಗೆ ಅಂಟಿಕೊಂಡ ಐದು ಊರುಗಳು ಅವು. 1997ರಿಂದ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಗುಡ್ಡದ ಮೈಯುದ್ದಕ್ಕೂ ಗಾರೆಯಿಲ್ಲದೆ ಬರೀ ಕಲ್ಲು ಜೋಡಿಸಿದ ಗೋಡೆಗಳು, ಅವುಗಳ ನಡುವೆ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟ. ಲಾ ಸ್ಪೆಟ್ಸಿಯಾದಿಂದ ಹೊರಡುವ ರೈಲು ಬಹುಪಾಲು ಸುರಂಗದಲ್ಲೇ ಓಡುತ್ತದೆ. ಎರಡು ಸುರಂಗಗಳ ಸಂದಿಯಲ್ಲಿ ಕಡಲು ಮಿಂಚಿ, "ಅಗೋ" ಅನ್ನುವಷ್ಟರಲ್ಲಿ ಮತ್ತೆ ಕತ್ತಲೆ. "ಹೀಗೆ ಚೂರುಚೂರಾಗಿ ಬೇಡ, ಕೂತು ನೋಡೋಣ" ಎಂದು ಮಗ ಮನಾರೋಲಾದ ಬಂಡೆಯ ತುದಿಯಲ್ಲಿದ್ದ ಒಂದು ದುಬಾರಿ ಹೋಟೆಲಿನಲ್ಲಿ ಮೇಜು ಕಾದಿರಿಸಿದ.

ಕೂರುವ ಮೊದಲು ಸಣ್ಣದೊಂದು ಉಪಚಾರದ ಯುದ್ಧ ನಡೆಯಿತು. "ಮಾವ, ನೀವು ಈ ಕಡೆ ಬನ್ನಿ" ಎಂದಳು ಸೊಸೆ. "ನೀನು ಕೂತ್ಕೊಳ್ಳಮ್ಮ" ಎಂದೆ ನಾನು. "ಮೊದಲು ಅಮ್ಮ ಕೂತ್ಕೊಳ್ಳಲಿ" ಎಂದ ಮಗ. ಅವರಮ್ಮ ಈ ಚರ್ಚೆ ಮುಗಿಯಲೆಂದು ಕಾಯದೆ ಕಡಲಿಗೆ ಎದುರಾಗಿ ಕೂತು, ಪಕ್ಕದ ಕುರ್ಚಿಯ ಮೇಲೆ ಬ್ಯಾಗನ್ನೂ ಇಟ್ಟಾಗಿತ್ತು. ಮೆಜೆಸ್ಟಿಕ್‌ನಲ್ಲಿ ಕಿಟಕಿಯಿಂದ ಸೀಟು ಹಿಡಿದು ಪಳಗಿದ ಕೈ ಅದು. ಬ್ಯಾಗಿನ ಕುರ್ಚಿ ಸೊಸೆಗೆ ಸಂದಿತು. ಹೀಗೆ ಅತ್ತೆ-ಸೊಸೆಗೆ ಕಡಲು, ಅಪ್ಪ-ಮಗನಿಗೆ ಅಡುಗೆಮನೆಯ ಬಾಗಿಲು ಎಂದು ಪಾಲಾಯಿತು.

ಮೆನುವಿನ ಮೊದಲ ಪುಟದ ತುಂಬ ಮೀನು. ಈ ಸೀಮೆಯ ಹೆಮ್ಮೆಯಾದ ಪೆಸ್ತೊ ಇದೆಯಲ್ಲ, ಕಾಮಕಸ್ತೂರಿ ಸೊಪ್ಪನ್ನು ಬೆಳ್ಳುಳ್ಳಿ, ಪೈನ್ ಬೀಜ, ಆಲಿವ್ ಎಣ್ಣೆಯ ಜೊತೆ ಅರೆದದ್ದು, ಅದರ ಮೇಲೆ ನಮಗೆ ಆಸೆಯಿತ್ತು. ಆದರೆ ಅದಕ್ಕೆ ಪಾರ್ಮಿಜಾನೊ ಚೀಸ್ ಸೇರುತ್ತದೆ. ಆ ಚೀಸಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬೇಕು ಎಂದು ಸೊಸೆ ಮೆಲ್ಲಗೆ ಹೇಳಿದಳು. ಪೆಸ್ತೊ ಹೋಯಿತು. ಕೊನೆಗೆ ಉಳಿದದ್ದು ಫರಿನಾತಾ, ಮತ್ತೆ ಟೊಮೆಟೊ ಹಾಕಿದ ಸ್ಪಗೆಟ್ಟಿ.

ಫರಿನಾತಾ ಎಂದರೆ ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ, ಇಷ್ಟೇ. ಅಗಲವಾದ ತಾಮ್ರದ ತಟ್ಟೆಗೆ ತೆಳ್ಳಗೆ ಹೊಯ್ದು ನಿಗಿನಿಗಿ ಒಲೆಯೊಳಗೆ ತಳ್ಳಿ ಬೇಯಿಸುತ್ತಾರೆ. ಅಂಚು ಗರಿಗರಿ, ನಡುವೆ ಮೆತ್ತಗೆ, ಮೇಲೆ ಕುಟ್ಟಿದ ಕರಿಮೆಣಸು. ಬಿಸಿಯಿರುವಾಗ ಅಮೃತ, ಆರಿದರೆ ಚಕ್ಕಳ. ನೋಡಲು ಬೇರೇನೂ ಇಲ್ಲದ ನಾನು ತಟ್ಟೆ ನೋಡಿಕೊಂಡು ಬಿಸಿಬಿಸಿಯಾಗಿ ತಿಂದೆ. ಎದುರಿನವರು ಮಾತ್ರ ಅದನ್ನು ಎತ್ತಿ ಹಿಡಿದು ಕಡಲಿನ ಹಿನ್ನೆಲೆಯಲ್ಲಿ ಫೋಟೊ ತೆಗೆಯುವುದರಲ್ಲಿದ್ದರು. ತೊಂದರೆಯೆಂದರೆ ಫರಿನಾತಾಗೂ ಕಡಲಿಗೂ ನಡುವೆ ನನ್ನ ತಲೆಯಿತ್ತು. "ಸ್ವಲ್ಪ ಬಗ್ಗಿ ಮಾವ... ಇನ್ನೂ ಸ್ವಲ್ಪ... ಹಾಂ, ಹಾಗೇ ಇರಿ." ಹಾಗೇ ಇದ್ದೆ. ಫೋಟೊ ಚೆನ್ನಾಗಿ ಬಂತು. ಆಮೇಲೆ ಒಂದು ತುಂಡು ಬಾಯಿಗಿಟ್ಟ ಹೆಂಡತಿ, "ಕಡಲೆಹಿಟ್ಟಿನ ದೋಸೆ ಕಣ್ರೀ, ಆರಿಹೋಗಿದೆ" ಎಂದಳು.

ಜೂನಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಮೇಲೆ. ಅಲ್ಲಿಯವರೆಗೂ ನನಗೆ ಕಡಲಿನ ವೀಕ್ಷಕ ವಿವರಣೆ ನಡೆಯಿತು. "ರೀ, ದೋಣಿ ಬರ್ತಿದೆ." "ಹೂಂ." "ರೀ, ಈಗ ಪೂರ್ತಿ ಕೆಂಪು." "ಹೂಂ." ಕತ್ತು ತಿರುಗಿಸಿದರೆ ಉಳುಕೀತೆಂದು ನಾನು ಸೂರ್ಯಾಸ್ತವನ್ನು ಅವಳ ಕನ್ನಡಕದಲ್ಲೇ ನೋಡಿ ಮುಗಿಸಿದೆ. ಎಡಗಾಜಿಗೊಂದು, ಬಲಗಾಜಿಗೊಂದು, ಒಟ್ಟು ಎರಡು ಸೂರ್ಯ.

ಸ್ಪಗೆಟ್ಟಿ ಬಂದಾಗ ನಿಜವಾದ ಫಜೀತಿ. ಫೋರ್ಕಿಗೆ ಸುತ್ತಬೇಕು, ಸುತ್ತಿದ್ದನ್ನು ಬಾಯಿಯವರೆಗೆ ಒಯ್ಯಬೇಕು, ಅಷ್ಟರಲ್ಲಿ ಕಡಲನ್ನೂ ನೋಡಬೇಕು. ಅವಳು ಒಂದು ಅಲೆ ನೋಡಿ ಬರುವಷ್ಟರಲ್ಲಿ ಸುತ್ತಿದ್ದೆಲ್ಲ ಬಿಚ್ಚಿ ತಟ್ಟೆ ಸೇರುತ್ತಿತ್ತು. ಕೊನೆಗೆ ಫೋರ್ಕು ಕೆಳಗಿಟ್ಟು ಕೈ ಹಾಕಿದಳು. "ಅಮ್ಮಾ, ಜನ ನೋಡ್ತಾರೆ" ಎಂದು ಮಗ ಪಿಸುಗುಟ್ಟಿದ. "ಯಾರೋ ನೋಡ್ತಾರೆ? ಎಲ್ಲರೂ ಸಮುದ್ರ ನೋಡ್ತಿದಾರೆ" ಎಂದಳು. ಮಾತು ನೂರಕ್ಕೆ ನೂರು ನಿಜ. ಇತಿಹಾಸವೂ ಅವಳ ಕಡೆಗೇ ಇತ್ತು. ಹತ್ತೊಂಬತ್ತನೇ ಶತಮಾನದ ನೇಪಲ್ಸಿನ ಬೀದಿಗಳಲ್ಲಿ ಜನ ಮ್ಯಾಕರೋನಿಯನ್ನು ಕೈಯಲ್ಲೇ ಎತ್ತಿ, ತಲೆ ಹಿಂದಕ್ಕೆ ಚೆಲ್ಲಿ, ಬಾಯಿಗೆ ಇಳಿಬಿಡುತ್ತಿದ್ದರು. ಪ್ರವಾಸಿಗರು ಆ ದೃಶ್ಯದ ಫೋಟೊ ಕೊಂಡು ಊರಿಗೆ ಒಯ್ಯುತ್ತಿದ್ದರು.

ನೋಡಿದವರು ಒಬ್ಬರಿದ್ದರು. ಪಕ್ಕದ ಮೇಜಿನಲ್ಲಿ ಆ ಊರಿನವರಂತೆ ಕಂಡ ಮುದುಕರೊಬ್ಬರು, ಎದುರಿನ ಕುರ್ಚಿ ಖಾಲಿಯಿದ್ದರೂ ಕಡಲಿಗೆ ಬೆನ್ನು ಕೊಟ್ಟು, ಕೊರಳಿಗೆ ಕರವಸ್ತ್ರ ಸಿಕ್ಕಿಸಿಕೊಂಡು, ತಲೆಯೆತ್ತದೆ ಉಣ್ಣುತ್ತಿದ್ದರು. ತಲೆಯೆತ್ತಿದ್ದು ಆಗೊಮ್ಮೆ. ನನ್ನ ಹೆಂಡತಿಯ ಕೈ ನೋಡಿ, ಲೋಟ ಮೇಲೆತ್ತಿ ಗೌರವ ಸೂಚಿಸಿ, ಮತ್ತೆ ತಮ್ಮ ತಟ್ಟೆಗೆ ಮರಳಿದರು.

ಬಿಲ್ಲಿನಲ್ಲಿ 'ಕೋಪೆರ್ತೊ' ಎಂದು ತಲೆಗಿಷ್ಟು ಸೇರಿತ್ತು. ಬ್ರೆಡ್ಡು, ಬಟ್ಟೆ, ಚಮಚದ ಬಾಬ್ತು ಅಂತೆ. ಒಟ್ಟಿನಲ್ಲಿ ಕೂತ ತಪ್ಪಿಗೆ. ರೋಮ್ ಇರುವ ಲಾತ್ಸಿಯೊ ಪ್ರಾಂತ್ಯ 2006ರಲ್ಲೇ ಕಾನೂನು ಮಾಡಿ ಇದನ್ನು ನಿಷೇಧಿಸಿದೆ, ಲಿಗೂರಿಯಾದಲ್ಲಿ ನಡೆಯುತ್ತದೆ. ಬೆನ್ನು ಕೊಟ್ಟು ಕೂತವರಿಗೆ ಅರ್ಧ ಟಿಕೆಟ್ ಮಾಡಿ ಎಂದು ವೇಟರಿಗೆ ಹೇಳು ಅಂದೆ. ಮಗ ಹೇಳಲಿಲ್ಲ.

ಈಗ ಯೋಚಿಸಿದರೆ ಹೇಳದಿದ್ದದ್ದೇ ಒಳ್ಳೆಯದು. ಆ ಮೇಜಿನಲ್ಲಿ ಬಿಸಿ ಊಟ ಉಂಡವನು ನಾನೇ. ಆದ್ದರಿಂದ ಓದುಗರೇ, ಕಡಲನ್ನು ಊಟಕ್ಕೆ ಮುಂಚೆ ಹೊರಗಿನ ಕಟ್ಟೆಯ ಮೇಲೆ ಕೂತು ನೋಡಿ, ಅದಕ್ಕೆ ಕಾಸಿಲ್ಲ. ಮೇಜಿಗೆ ಬಂದ ಮೇಲೆ ಅದಕ್ಕೆ ಬೆನ್ನು ಕೊಡಿ. ಕಡಲು ಎಷ್ಟು ಹೊತ್ತು ಕಾದರೂ ಆರುವುದಿಲ್ಲ, ಅಡುಗೆ ಆರುತ್ತದೆ. ಮೇಲಾಗಿ, ಮನೆಯವರಿಗಾಗಿ ಕುರ್ಚಿ ಬಿಟ್ಟುಕೊಟ್ಟ ತ್ಯಾಗಿ ಎಂಬ ಹೆಸರು ಪುಕ್ಕಟೆ ಬರುತ್ತದೆ.